ಒಳಕ್ವಾಣಿ ಕೀಬೋರ್ಡು

೭ ಆಗಸ್ಟ್ ೨೦೦೬, ಸೋಮವಾರ

ತಲಿ ಕೆಟ್ಟು ಕುಂತೀನಿ. ಯಾರ ಮುಂದೂ ಬೈಕೊಳ್ಳಾಕ ಆಗವಲ್ದು, ಅದಕ್ಕ ಸಿಮೆಂಟ್ ಅಂಗಡಿಯವರು ಕೊಟ್ಟ ಈ ಡೈರ್ಯಾಗ ಬೈಕೊಳ್ಳಾಕತ್ತೀನಿ. ಜನವರಿಯಿಂದ ಖಾಲಿ ಬಿದ್ದಿತ್ತು, ಇದಕ್ಕೂ ಒಂದು ಕೆಲಸ ಸಿಕ್ಕಂಗಾತು.

ಹೊಸಪ್ಯಾಟ್ಯಾಗ ಒಂದು ಮೈನಿಂಗ್ ಆಫೀಸಿನವರು ಹಳೇ ಲ್ಯಾಪ್‌ಟಾಪ್ ಮಾರಾಕತ್ತಾರ ಅಂತ ಕೇಳಿ ನಿನ್ನೆ ಹೋಗಿ ಒಂದು ತಂದೆ. ಎತ್ತಿದರ ಕೈ ಸೋಲತೈತಿ. ಬ್ಯಾಟರಿ ಸತ್ತೈತಿ, ಕರೆಂಟು ಹೋದರ ಆಗಿಂದಾಗ ಆರತೈತಿ. ನಮ್ಮ ಕಾರ್ಡಿನ ಡಿಸೈನ್ ಮಾಡೋ ಸಾಫ್ಟ್‌ವೇರ್ ಅದರಾಗ ತೆರಕೊಳ್ಳೋದರಾಗ ನಾ ಬಸ್‌ಸ್ಟ್ಯಾಂಡಿಗೆ ಹೋಗಿ ಚಹಾ ಕುಡದು ಬರಬಹುದು. ಅದೆಲ್ಲಾ ಗೊತ್ತಿದ್ದೇ ತಂದೀನಿ. ನನ್ನ ವಿಚಾರ ಬ್ಯಾರೆ ಇತ್ತು. ಕೆಲಸ ಎಲ್ಲಾ ಅಂಗಡ್ಯಾಗಿನ ದೊಡ್ಡ ಕಂಪ್ಯೂಟರೇ ಮಾಡಲಿ. ಈ ಲ್ಯಾಪ್‌ಟಾಪು ಬರೇ ಅದರ ಪರದಿ, ಅದರ ಕೀಬೋರ್ಡು ಆಗಿ ಒಳಕ್ವಾಣ್ಯಾಗ ಶಬ್ನಮ್ ಹಾಸಿಗಿ ಮ್ಯಾಲೆ ಇರಲಿ.

ಶಬ್ನಮ್ ಯಾರು ಅಂತ ಡೈರಿಗೆ ಗೊತ್ತಿಲ್ಲಲ್ಲ. ನನ್ನ ಹೆಂಡತಿ. ಲಗ್ನ ಆಗಿ ಹನ್ನೊಂದು ವರ್ಷ. ಕೊಟ್ಟೂರಾಗ ಈ ಅಂಗಡಿ ಇಬ್ಬರೂ ಸೇರಿ ಹಾಕಿದ್ದು. ಮುಂದ ಅಂಗಡಿ, ಹಿಂದ ಮನಿ. ಲಗ್ನದ ಕಾರ್ಡು, ಕರಪತ್ರ, ರಸೀದಿ ಪುಸ್ತಕ. ಟೈಪ್ ಹೊಡಿಯೋದು ಆಕಿ, ಸ್ಕ್ರೀನ್ ಹಚ್ಚಿ ಛಾಪಾ ಹಾಕೋದು ನಾ. ನನಗ ಶಾಯಿ ಗೊತ್ತು, ಕೀಬೋರ್ಡು ಗೊತ್ತಿಲ್ಲ. ಎರಡು ವರ್ಷದ ಹಿಂದ ಆಕಿ ಎದಿಯಾಗಿನ ಗಂಟು ತೆಗೆಸಿದ್ವಿ, ಆರಾಮಾತು ಅಂದ್ಕೊಂಡ್ವಿ. ಈಗ ಅದು ಬೆನ್ನೆಲುಬಿಗೆ ಇಳದೈತಿ ಅಂತಾರ ದಾವಣಗೆರಿ ಡಾಕ್ಟರು. ಹತ್ತು ನಿಮಿಷ ಕುರ್ಚ್ಯಾಗ ಕುಂತರ ಆಕಿ ಮುಖ ಬಿಳಚಿಕೊಳ್ಳತೈತಿ. ಮಲಕ್ಕೊಂಡರ ಅಷ್ಟು ತ್ರಾಸಿಲ್ಲ. ಆದರ ಮಲಕ್ಕೊಂಡು ಸುಮ್ಮನಿರೋ ಹೆಣ್ಣಲ್ಲ ಅದು.

ಎರಡೂ ಕಡಿ ತಲಿ ಇರೋ ಮಾನಿಟರ್ ವೈರು ಹರಪನಹಳ್ಳಿ ತನಕ ಹೋಗಿ ಹುಡುಕಿ ತಂದೆ. ಒಂದು ತಲಿ ದೊಡ್ಡದಕ್ಕ, ಒಂದು ತಲಿ ಲ್ಯಾಪ್‌ಟಾಪಿಗೆ. ಅಳತಿ ಸರಿ ಕುಂತಿತು, ಸ್ಕ್ರೂ ಬಿಗಿದೆ. ಏನೂ ಬರಲಿಲ್ಲ. ಬಿಚ್ಚಿದೆ, ಮತ್ತ ಹಾಕಿದೆ. ಮಧ್ಯಾಹ್ನ ಊಟ ಬಿಟ್ಟು ಅದನ್ನ ಮಾಡಿದೆ.

ಶಬ್ನಮ್ ಮಲಕ್ಕೊಂಡೇ ನೋಡಿ ನಕ್ಕಳು. “ಚಿತ್ರ ಬಂತು ಅಂತ ಇಟ್ಕೊಳ್ರಿ. ನಾ ಇಲ್ಲಿ ಒತ್ತಿದ್ದು ಅಲ್ಲಿಗೆ ಹೆಂಗ ಹೋಗತೈತಿ? ಆ ವೈರ್‌ನ್ಯಾಗ ನಡಕೊಂತ ಹೋಗತೈತೇನು?”

ಅದು ನನಗ ಹೊಳದೇ ಇರಲಿಲ್ಲ. ಆಕಿಗೆ ಹೊಳೀತು ಅಂತ ಇನ್ನೂ ಸಿಟ್ಟು ಬಂತು.

೧೦ ಆಗಸ್ಟ್, ಗುರುವಾರ

ಕೂಡ್ಲಿಗಿಯಿಂದ ಕನಕರಾಜ ಬಂದಿದ್ದ. ಅಲ್ಲಿ ಕಂಪ್ಯೂಟರ್ ಕ್ಲಾಸ್ ನಡಸತಾನ, ನಮ್ಮ ಮಷೀನ್ ಕೆಟ್ಟಾಗೆಲ್ಲಾ ಅವನೇ ಗತಿ. ನನ್ನ ವೈರ್ ನೋಡಿ ಹಣಿ ಹಣಿ ಬಡಕೊಂಡ.

“ಇಶ್ತಿಯಾಕಣ್ಣ, ಎರಡೂ ಹೊರಗ ಕಳಸೋ ಬಾಯಿ. ದೊಡ್ಡದೂ ಚಿತ್ರ ಕಳಸತೈತಿ, ಇದೂ ಕಳಸತೈತಿ. ಇಸಗೊಳ್ಳೋರು ಯಾರು?”

“ಹಂಗಾದ್ರ ನನ್ನ ದುಡಿಮಿ ಹಾಳಾತು ಅನ್ನು.”

“ವೈರು ಹಾಳಾತು, ಲ್ಯಾಪ್‌ಟಾಪ್ ಹಾಳಾಗಿಲ್ಲ ತಗಿ.”

ಅವನು ಮಾಡಿದ್ದು ಇಷ್ಟು. ಒಂದು ನೆಟ್‌ವರ್ಕ್ ಕೇಬಲ್ ತಗೊಂಡು, ಒಂದು ತುದಿಯೊಳಗ ಎಳಿಗಳನ್ನ ಅದಲು ಬದಲು ಮಾಡಿ ಇಕ್ಕಳದಿಂದ ಒತ್ತಿದ. ಅಂಗಡಿ ಕಿಟಕಿಯಿಂದ ಒಳಕ್ವಾಣಿಗೆ ಎಳದ. ಆಮ್ಯಾಲೆ ಒಂದು ಸಣ್ಣ ಪ್ರೋಗ್ರಾಂ, ಅದರ ಅರ್ಧ ದೊಡ್ಡದಕ್ಕ, ಅರ್ಧ ಲ್ಯಾಪ್‌ಟಾಪಿಗೆ. ದೊಡ್ಡದರ ಪರದಿ ಹೆಂಗೈತೋ ಹಂಗ ಲ್ಯಾಪ್‌ಟಾಪಿನ್ಯಾಗ ಕಾಣತೈತಿ. ಅಲ್ಲಿ ಒತ್ತಿದ್ದು ಇಲ್ಲಿ ಬೀಳತೈತಿ.

ನಾ ಅಂಗಡ್ಯಾಗ ಮಾನಿಟರ್ ಮುಂದ ನಿಂತಿದ್ದೆ. ಮೌಸು ಯಾರೂ ಮುಟ್ಟಿಲ್ಲ, ಬಾಣದ ಗುರುತು ತಾನೇ ಸರದಾಡಿತು. ಒಂದು ಹಾಳಿ ತೆರಕೊಂತು. ಅಕ್ಷರ ಬಂದವು: “ಕನಕರಾಜಗ ಚಹಾ ಮಾಡಿ ಕೊಡ್ರಿ. ನನಗೂ ಅರ್ಧ ಕಪ್ಪು.”

ಚಹಾ ಮಾಡಿದೆ. ಸಕ್ಕರಿ ಜಾಸ್ತಿ ಆತು ಅಂತ ಅದನ್ನೂ ಹೊಡದು ತೋರಿಸಿದಳು. ಕನಕರಾಜ ಹೋದ ಮ್ಯಾಲೂ ನನಗ ನಗು ಬರಾಕತ್ತಿತ್ತು. ಮಷೀನ್ ಸರಿ ಆತು. ಇನ್ನ ಎಲ್ಲಾ ಒಂದೊಂದೇ ಸರಿ ಆಗತೈತಿ.

೧೯ ಆಗಸ್ಟ್, ಶನಿವಾರ

ಶ್ರಾವಣದ ಕೆಲಸ ಭರ್ತಿ ಐತಿ. ಅಕ್ಷರ ತಾವೇ ಬೀಳೋದು ನೋಡಾಕ ಕೆಲಸ ಇಲ್ಲದವರೂ ಅಂಗಡಿಗೆ ಬರಾಕತ್ತಾರ.

ಇವತ್ತು ಕರಿಸಿದ್ದಪ್ಪ ಅಂತ ಒಬ್ಬ ಹಿರೇ ಮನುಷ್ಯ, ಮಗನ ಲಗ್ನದ ಕಾರ್ಡು ಮಾಡ್ಸಾಕ ಬಂದ. ಹೆಗಲ ಮ್ಯಾಲೆ ಕಂಬಳಿ, ಕೈಯಾಗ ಹೆಸರು ಬರದ ಚೀಟಿ. ಖಾಲಿ ಕುರ್ಚಿ ಮುಂದ ಅವನ ಮಗನ ಹೆಸರು ಬಿದ್ದದ್ದು ನೋಡಿ ಎರಡು ಹೆಜ್ಜಿ ಹಿಂದ ಸರದ. “ಯಾರಪ ಇದು ಬರಿಯೋರು?”

“ನಮ್ಮ ಮನಿಯವರು. ಒಳಗ ಅದಾರ.”

ಕಿಟಕಿ ಕಡೆ ತಿರುಗಿ ಕೈ ಮುಗದ. “ತಾಯಿ, ಹೆಸರು ತಪ್ಪಬ್ಯಾಡ ನೋಡವಾ.”

ಪರದಿ ಮ್ಯಾಲೆ ದೊಡ್ಡ ಅಕ್ಷರದಾಗ ಬಂತು: “ಹಿರಿಯರು ಯಾರ್ಯಾರು ಅದಾರ, ಯಾರ್ಯಾರು ಇಲ್ಲ, ಕೇಳ್ರಿ.” ಇದು ಆಕಿ ಯಾವಾಗಲೂ ಕೇಳೋ ಪ್ರಶ್ನಿ. ಕಾರ್ಡಿನ್ಯಾಗ ತೀರಿಕೊಂಡವರ ಹೆಸರಿನ ಮುಂದ ಹಿಂದೂ ಮಂದಿಗೆ ‘ದಿ.’ ಬರಬೇಕು, ಲಿಂಗಾಯತರಿಗೆ ‘ಲಿಂ.’, ನಮ್ಮ ಮಂದಿಗೆ ‘ಮರ್ಹೂಮ್’, ಹೆಣ್ಣುಮಕ್ಕಳಾದರ ‘ಮರ್ಹೂಮಾ’. ಬದುಕಿದವರಿಗೆ ಅದು ಬಿತ್ತಂದ್ರ ಬೀಗರು ಬಡಿಗಿ ಹಿಡಕೊಂಡು ಬರತಾರ. ಸತ್ತವರಿಗೆ ಬಿಟ್ಟರ ಮನಿ ಹೆಣ್ಣುಮಕ್ಕಳು ಅಳತಾರ.

“ನಮ್ಮಪ್ಪ ಹೋಗಿ ಆರು ವರ್ಷ ಆತು ತಾಯಿ,” ಅಂದ ಕರಿಸಿದ್ದಪ್ಪ. ‘ದಿ.’ ಬಂತು. ಅವನಿಗೆ ಸಮಾಧಾನ ಆತು.

ಒಂದು ತೊಂದರಿ ಐತಿ. ಬಾಣ ಒಂದೇ, ಮೌಸು ಎರಡು. ನಾ ಇಲ್ಲಿ ಹಿಡದರ ಆಕಿ ಅಲ್ಲಿ ಎಳಿತಾಳ. ಮಧ್ಯಾಹ್ನ ಇಬ್ಬರೂ ಜಗ್ಗ್ಯಾಡಿ ಒಂದು ಗಣಪತಿ ಚಿತ್ರ ಕಾರ್ಡಿನ ಹೊರಗ ಹೋಗಿ ಕುಂತಿತ್ತು.

೩೧ ಆಗಸ್ಟ್, ಗುರುವಾರ

ಇವತ್ತು ಜಗಳ. “ಇವತ್ತು ನೀವು ಹೊಡೀರಿ, ನಾ ಇಲ್ಲಿಂದ ನೋಡ್ತೀನಿ,” ಅಂದಳು ಒಳಗಿಂದ.

“ನನಗ್ಯಾಕ ಇದು? ನೀ ಇದ್ದೀಯಲ್ಲ.”

“ಕೈ ನೋಯಾಕತ್ತೈತ್ರಿ. ಒಂದು ಕಾರ್ಡು ಅಷ್ಟ.”

ಹೊಡದೆ. ಒಂದು ಕಾರ್ಡಿಗೆ ಎರಡು ತಾಸು. ಒತ್ತಕ್ಷರ ಬಂದಲ್ಲೆಲ್ಲಾ ನಡುವ ಎಫ್ ಒತ್ತಬೇಕಂತ, ನಾ ಮರತು ಮರತು ‘ಚೆನ್ನಬಸಪ್ಪ’ ಹೋಗಿ ‘ಚೆನನಬಸಪಪ’ ಆಗಾಕತ್ತಿತ್ತು. ಒಳಗಿಂದ “ಎಫ್ ಒತ್ತ್ರಿ, ಎಫ್” ಅಂತ ಕೂಗು. ನಾ ತಪ್ಪಿದಲ್ಲಿ ಬಾಣ ತಾನೇ ಬಂದು ನಿಲ್ಲೋದು, ಅಳಸೋದು. ಕಡೀಗೆ ಸಿಟ್ಟಿಗೆದ್ದು ಕೀಬೋರ್ಡು ಬೋರಲು ಮಾಡಿ ಹೊರಗ ಹೋದೆ. ಬಂದು ನೋಡಿದರ ಪರದಿ ಮ್ಯಾಲೆ ಬರದಿತ್ತು: “ಸಾಲ್ಯಾಗೂ ಹಿಂಗ ಓಡಿ ಹೋಗತಿದ್ರೇನು?”

ಹೌದು, ಓಡಿ ಹೋಗತಿದ್ದೆ. ಕುಂತು ಮುಗಿಸಿದೆ.

೧೩ ಸೆಪ್ಟೆಂಬರ್, ಬುಧವಾರ

ದಾವಣಗೆರಿಗೆ ಹೋಗಿ ಬಂದ್ವಿ. ಡಾಕ್ಟರು ನನ್ನೊಬ್ಬನ್ನ ಕರದು ಏನೇನೋ ಹೇಳಿದರು. ಬರಿಯಂಗಿಲ್ಲ.

ಗುಳಿಗಿ ಬದಲು ಮಾಡ್ಯಾರ.

೧೫ ಸೆಪ್ಟೆಂಬರ್, ಶುಕ್ರವಾರ

ಲ್ಯಾಪ್‌ಟಾಪಿನ ಪರದಿ ಬೆಳಕು ಆಕಿ ಕಣ್ಣಿಗೆ ಚುಚ್ಚತೈತಂತ. ಕಮ್ಮಿ ಮಾಡಿದೆ. ಮಡಚೋ ಕೀಲಿನ ಹತ್ರ ಒಂದು ಕಟಗಿ ತುಂಡು ಕೊಟ್ಟು ಓರಿ ಮಾಡಿದೆ. ಕೇಬಲ್ ಕಾಲಿಗೆ ತೊಡರತೈತಿ ಅಂತ ಗ್ವಾಡಿಗೆ ಮೊಳಿ ಹೊಡದು ಸಿಗಿಸಿದೆ. ಪವರ್ ಕಟ್ ಆದಾಗ ಆಕಿ ಪರದಿ ಆರಬಾರದು ಅಂತ ಹಗರಿಬೊಮ್ಮನಹಳ್ಳಿಗೆ ಹೋಗಿ ಇನ್ನೊಂದು ಯುಪಿಎಸ್ ತಂದೆ. ಇನ್ನ ಏನು ಮಾಡಬಹುದು ಅಂತ ಇಡೀ ದಿನ ಹುಡುಕಿದೆ. ಮಾಡಾಕ ಏನೂ ಉಳಿದಿಲ್ಲ.

೨೬ ಸೆಪ್ಟೆಂಬರ್, ಮಂಗಳವಾರ

ರಂಜಾನ್ ಹತ್ತೈತಿ. ಈ ಸಲ ಆಕಿಗೆ ರೋಜಾ ಉಪವಾಸ ಇಲ್ಲ. ಬೆಳಿಗ್ಗಿ ಆಕಿಗೆ ಗಂಜಿ ಕುಡಿಸೋವಾಗ “ನಿಮ್ಮ ಮುಂದ ಕುಡಿಯಾಕ ನಾಚಿಕಿ ಆಗತೈತಿ” ಅಂತ ಮುಖಕ್ಕ ಸೆರಗು ಹಿಡಕೊಂಡಳು.

ಮಾವ ನೂರಸಾಬ ಬಂದಿದ್ದರು. ಶಬ್ನಮ್ ತಂಗಿ ಅಫ್ರೀನ್ ಮದುವಿ ಗೊತ್ತಾತು. ಹಡಗಲಿ ವರ, ಫಿರೋಜ್ ಅಂತ, ಟ್ರ್ಯಾಕ್ಟರ್ ಮೆಕ್ಯಾನಿಕ್. ಮಾವನೂ ಮೊದಲು ಮೆಕ್ಯಾನಿಕ್ಕೇ, ಅವರಿಗೆ ಹುಡುಗನ ಕೈ ನೋಡಿದ ಕೂಡಲೇ ಮನಸ್ಸಿಗೆ ಬಂತಂತ. ಅತ್ತಿ ದಾವಲ್ ಬೀ ಹೋದಾಗ ಅಫ್ರೀನ್‌ಗ ಹತ್ತು ವರ್ಷ. ಆಕಿನ್ನ ಬೆಳಸಿದ್ದು ನಮ್ಮಾಕಿ. ನಮಗ ಮಕ್ಕಳಾಗಲಿಲ್ಲ, ಇದ್ದೊಬ್ಬಾಕಿ ಮಗಳಂದ್ರ ಅಫ್ರೀನ್‌ನೇ.

ನವೆಂಬರ್ ಹನ್ನೆರಡು, ಆಯಿತವಾರ. “ಈದ್ ಆದ ಮೂರನೇ ದಿನಕ್ಕ ಇಡ್ರಿ ಮಾವ,” ಅಂದೆ. ಯಾಕ ಹಂಗಂದೆ ನನಗ ತಿಳೀಲಿಲ್ಲ. ಶಬ್ನಮ್ ನನ್ನ ಮುಖ ನೋಡಿ, “ಗಂಡಿನವರು ಕೊಟ್ಟ ತಾರೀಕು ಅದು. ನಮ್ಮ ಅವಸರಕ್ಕ ಅವರನ್ನ ಯಾಕ ಓಡಸಬೇಕು,” ಅಂದಳು. ನಮ್ಮ ಅವಸರ ಏನು ಅಂತ ಮಾವ ಕೇಳಲಿಲ್ಲ.

೫ ಅಕ್ಟೋಬರ್, ಗುರುವಾರ

ಏಳು ಕಾರ್ಡು ಹೋದವು. ಆರು ನಾ ಹೊಡದೆ, ಒಂದು ಆಕಿ. ಆ ಒಂದರಾಗೂ ಅರ್ಧ ನಾ ಹೊಡದೆ.

ಕೈ ನೋವು ಕಮ್ಮಿ ಆದ ಮ್ಯಾಲೆ ಎಲ್ಲಾ ಆಕಿಗೆ ವಾಪಸ್ ಕೊಡತೀನಿ. ನನಗಿದು ಬ್ಯಾಡಪ್ಪ.

೧೪ ಅಕ್ಟೋಬರ್, ಶನಿವಾರ

ಅಫ್ರೀನ್ ಕಾರ್ಡು ನಾ ಹೊಡೀತೀನಿ, ಯಾರೂ ಮುಟ್ಟಬ್ಯಾಡ್ರಿ ಅಂದಿದ್ದಳು. ಬೆಳಿಗ್ಗಿಯಿಂದ ಹೊಡೀತಿದ್ದಳು. ಒಂದು ಅಕ್ಷರ ಬಂದು, ಎಷ್ಟೋ ಹೊತ್ತಿಗೆ ಇನ್ನೊಂದು. ನಾ ಮಾನಿಟರ್ ಮುಂದ ಕೈ ಕಟ್ಟಿಕೊಂಡು ಕುಂತು ನೋಡಿದೆ. ಸಹಾಯ ಮಾಡಿದರ ಬೈಸಿಕೊಳ್ಳಬೇಕು.

“ಮರ್ಹೂಮಾ ದಾವಲ್ ಬೀ ಹಾಗೂ ಜನಾಬ್ ನೂರಸಾಬ ಇವರ ಕಿರಿಯ ಮಗಳು,” ಅಂತ ಒಂದು ಸಾಲು. ಅದರ ಕೆಳಗ “ಶಬ್ನಮ್ ಇಶ್ತಿಯಾಕ ಇವರ ತಂಗಿ.” ಅದರ ಕೆಳಗ ಅಫ್ರೀನ್ ಹೆಸರು, ದೊಡ್ಡದಾಗಿ, ಹೂವಿನ ಬಳ್ಳಿ ನಡುವ. ಚಂದ ಬಂದಿತ್ತು.

ಆಮ್ಯಾಲೆ ಬಾಣ ಮ್ಯಾಲೆ ಹೋತು. ಶಬ್ನಮ್ ಅನ್ನೋ ಹೆಸರಿನ ಮುಂದ ಹೋಗಿ ನಿಂತಿತು. ‘ಮ’ ಬಂತು. ‘ರ’ ಬಂತು. ಪೂರಾ ಶಬ್ದ ಬಂತು. ಮರ್ಹೂಮಾ.

ಮ್ಯಾಲಿನ ಸಾಲು ನೋಡಿ ಮರತು ಇಲ್ಲೂ ಹೊಡದಳು ಅಂದ್ಕೊಂಡೆ. ಗುಳಿಗಿ ಅಮಲಿನ್ಯಾಗ ಹಂಗ ಆಗತೈತಿ. ಅಳಸಿದೆ.

ಮತ್ತ ಬಂತು. ಮತ್ತ ಅಳಸಿದೆ.

ಮೂರನೇ ಸಲ ಬಂದಾಗ ತಿಳೀತು. ನಮ್ಮಿಬ್ಬರ ನಡುವ ಒಂದು ಗ್ವಾಡಿ, ಅದರಾಗ ಒಂದು ಕಿಟಕಿ. ಕೂಗಿದರ ಕೇಳಸತೈತಿ. ಆಕಿ ಕೂಗಲಿಲ್ಲ, ನಾನೂ ಕೂಗಲಿಲ್ಲ. ಆಕಿ ಒಂದೊಂದೇ ಅಕ್ಷರ ಹೊಡದು ಪೂರಾ ಮುಗಿಸೋ ತನಕ ಕಾದೆ, ಆಕಿಗೆ ಎಷ್ಟು ತ್ರಾಸು ಆಗಾಕತ್ತೈತಿ ಅಂತ ಆ ನಡುವಿನ ಹೊತ್ತಿನ್ಯಾಗೇ ಗೊತ್ತಾಗುತ್ತಿತ್ತು. ಆದರೂ ಅಳಸಿದೆ. ನಾಲ್ಕನೇ ಸಲ ‘ಮ’ ಒಂದೇ ಬಂದು ನಿಂತಿತು. ಮುಂದ ಬರಲಿಲ್ಲ. ಅದನ್ನೂ ಅಳಸಿದೆ.

ಒಳಗ ಹೋದರ ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ದಳು. ಲ್ಯಾಪ್‌ಟಾಪ್ ಎತ್ತಿ ಹಾಸಿಗಿ ಬಾಜೂಕ ಇಟ್ಟೆ. ಇದರಾಗ ಗೆದ್ದವನು ನಾನು. ಬರಿಯಾಕ ನಾಚಿಕಿ ಬರತೈತಿ.

೧೬ ಅಕ್ಟೋಬರ್, ಸೋಮವಾರ

ಮಾವ ಪ್ರೂಫ್ ನೋಡಾಕ ಬಂದರು. ಪ್ರಿಂಟ್ ತಗದು ಅವರ ಕೈಯಾಗ ಕೊಟ್ಟೆ, ನಾ ನೋಡಲಿಲ್ಲ. ಮಧ್ಯಾಹ್ನ ನಮಾಜಿಗೆ ಹೋದಾಗ ಆಕಿ ಏನು ಮಾಡಿದ್ದಳು ಅಂತ ನನಗೇನು ಗೊತ್ತು?

ಮಾವ ಕನ್ನಡಕ ಹಾಕ್ಕೊಂಡು ದನಿ ತಗದು ಓದೋ ಮನುಷ್ಯ. ಓದಿದರು. ಅತ್ತಿ ಹೆಸರು ಬಂದಾಗ ಒಂದು ಸಲ ಉಸಿರು ಬಿಟ್ಟರು. ಮುಂದಿನ ಸಾಲು ಓದಾಕ ಶುರು ಮಾಡಿ, “ಮರ್ಹೂಮಾ...” ಅಂದು ಅಲ್ಲೇ ನಿಂತರು. ಹಾಳಿ ಕಣ್ಣಿನ ಹತ್ರ ತಂದರು. “ಇಶ್ತಿಯಾಕ, ಇಲ್ಲೊಂದು ತಪ್ಪಾಗೈತಿ ನೋಡಪ್ಪ. ಮ್ಯಾಲಿಂದು ಕೆಳಗೂ ಬಂದುಬಿಟ್ಟೈತಿ.”

ಕಿಟಕಿಯಿಂದ ಶಬ್ನಮ್ ದನಿ ಬಂತು. “ತಪ್ಪಲ್ಲಪ್ಪ.”

ಮಾವ ಹಾಳಿ ಮಡಚಿ ಒಳಗ ಹೋದರು. ಹಾಸಿಗಿ ತುದಿಗೆ, ಆಕಿ ಕಾಲ ಹತ್ರ ಕುಂತರು. ನಾ ಬಾಗಲದಾಗ ನಿಂತೆ.

“ಹನ್ನೆರಡನೇ ತಾರೀಕಿಗೆ ನಾ ಇರಂಗಿಲ್ಲಪ್ಪ,” ಅಂದಳು. ಸಂತಿಗೆ ಹೋಗಿರತೀನಿ ಅನ್ನೋವಂಗ ಅಂದಳು. “ಕಾರ್ಡು ಹಂಚೋರು ಇವರಲ್ಲೇನು? ಅದಕ್ಕ ಹಂಗಿರಲಿ.”

ಕಾರ್ಡು ಹಂಚೋನು ನಾನೇ. ಮಾವಗ ಮೊಣಕಾಲು ನೋವು, ಗಂಡುಮಕ್ಕಳಿಲ್ಲ. ಮನಿಯವರೇ ಹೋಗಿ ಕೈಯಾಗ ಕೊಟ್ಟರ ಕರದಂಗ, ಅಂಚೆಗೆ ಹಾಕಿದರ ಯಾರೂ ಬರಂಗಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ತಿಳೀಲಿಲ್ಲ.

“ಇನ್ನೊಂದು ಮಾತು ಕೊಡಪ್ಪ. ಏನ ಆದರೂ ಮದುವಿ ಮುಂದ ಹಾಕಬ್ಯಾಡ.”

ಮಾವ ಮಾತು ಕೊಟ್ಟರು. ಆಮ್ಯಾಲೆ ಅಂಗಡಿಗೆ ಬಂದು, ಗಿರಾಕಿ ಕುಂದ್ರೋ ಬೆಂಚಿನ ಮ್ಯಾಲೆ ಕುಂತು, ಟೋಪಿ ತಗದು ಬಾಯಿಗೆ ಹಿಡಕೊಂಡು ಅತ್ತರು. ನಾ ಅಳಲಿಲ್ಲ. ನನಗ ಸಿಟ್ಟು ಬಂದಿತ್ತು. ಡಾಕ್ಟರು ಹೇಳಿದ್ದು ಬಾಯಿ ಬಿಡದಂಗ ಬಚ್ಚಿಟ್ಟವನು ನಾನು, ಆಕಿ ಹಾಳಿ ಮ್ಯಾಲೆ ಹೊಡದು ಇಡ್ತಾಳಂದ್ರ ಹೆಂಗ?

೧೮ ಅಕ್ಟೋಬರ್, ಬುಧವಾರ

ಛಾಪಾ ಹಾಕಿದೆ. ಮುನ್ನೂರು. ಆ ಶಬ್ದ ಇಲ್ಲದ್ದು.

ಅಂಗಡಿ ನಂದು, ಶಾಯಿ ನಂದು. ನನ್ನ ಹೆಂಡತಿ ಬದುಕ್ಯಾಳ. ಒಂದು ಕಾರ್ಡು ಒಯ್ದು ಆಕಿ ಕೈಯಾಗ ಕೊಟ್ಟೆ. ಬೆರಳಿಲೆ ಹೆಸರು ಸವರಿ, “ಶಾಯಿ ಛಲೋ ಕುಂತೈತ್ರಿ,” ಅಂದಳು.

೨೫ ಅಕ್ಟೋಬರ್, ಬುಧವಾರ. ಈದ್

ಅಫ್ರೀನ್ ಸುರಕುಂಬಾ ಮಾಡಿ ತಂದಿದ್ದಳು. ಶಬ್ನಮ್ ಎರಡು ಚಮಚ ತಿಂದಳು. ಹೊಸ ಸೀರಿ ಮೈಮ್ಯಾಲೆ ಹಾಸಿ ತೋರಿಸಿದ್ವಿ. ಮೆಹಂದಿ ಎಡಗೈಗೆ ಅಷ್ಟ ಹಚ್ಚಿಸಿಕೊಂಡಳು, ಬಲಗೈಗೆ ಸಲೈನ್ ಸೂಜಿ ಇತ್ತು.

ಊರಾಗಿನ ಕಾರ್ಡು ಹಂಚಿದೆ. ಎಲ್ಲಾರೂ ಕೇಳಿದರು, ಶಬ್ನಮ್ ಹೆಂಗದಾಳ? ಆರಾಮ ಆಗಾಕತ್ತಾಳ ಅಂದೆ.

೩೧ ಅಕ್ಟೋಬರ್, ಮಂಗಳವಾರ

ಶನಿವಾರ ಬೆಳಿಗ್ಗಿ ಹತ್ತಕ್ಕ.

ಇವತ್ತಿಗೆ ಮೂರು ದಿನ ಆತು.

ಅಫ್ರೀನ್ ಇಲ್ಲೇ ಅದಾಳ. ಮದುವಿ ಬ್ಯಾಡ ಅಂತ ಅಳತಾಳ. ಮಾವ, “ಮಾತು ಕೊಟ್ಟೀನಿ ಮಗಳ” ಅಂತಷ್ಟೇ ಅಂತಾರ. ನನಗ ಯಾರ ಜೋಡಿನೂ ಮಾತಾಡಾಕ ಆಗವಲ್ದು. ಬಂದವರು ಬಾಯಿ ತೆರದರ ಎದ್ದು ಹಿತ್ತಲಿಗೆ ಹೋಗತೀನಿ. ಆ ಮಾತು ನನ್ನ ಬಾಯಿಂದ ಇನ್ನೂ ಬಂದಿಲ್ಲ. ಫೋನ್ ಮಾಡಿ ಎಲ್ಲಾರಿಗೂ ಹೇಳಿದ್ದು ಅಫ್ರೀನ್.

೩ ನವೆಂಬರ್, ಶುಕ್ರವಾರ

ಪರ ಊರಿನ ಕಾರ್ಡು ಹಂಗೇ ಉಳದಿದ್ದವು. ನಮಾಜು ಮುಗಿಸಿ ಗಾಡಿ ತಗೊಂಡು ಉಜ್ಜಿನಿ ಕಡೆ ಹೋದೆ. ಅಲ್ಲಿ ನಮ್ಮ ಸಂಬಂಧಿಕರಿಲ್ಲ, ಎಲ್ಲಾ ಮಾವನ ಹಳೇ ಗಿರಾಕಿ, ನಮ್ಮ ಅಂಗಡಿ ಗಿರಾಕಿ. ಅವರಿಗೆ ಯಾರೂ ಹೇಳಿಲ್ಲ.

ಮೊದಲನೇ ಮನಿ ಕಿರಾಣಿ ಅಂಗಡಿ ಉಜ್ಜಿನಪ್ಪಂದು. ಅವನ ಮಗಳ ಕಾರ್ಡು, ಅಂಗಡಿ ಓಪನಿಂಗ್ ಕಾರ್ಡು, ಎಲ್ಲಾ ಶಬ್ನಮ್ ಹೊಡದದ್ದು. ಕಾರ್ಡು ತಗೊಂಡು ಕಣ್ಣಿಗೆ ಒತ್ತಿಕೊಂಡ. ಓದಿದ. “ಅಮ್ಮಾವರ ಹೆಸರೂ ಐತಿ. ಛಲೋ ಆತು. ಬೆನ್ನುನೋವು ಅಂತಿದ್ದರಲ್ಲ, ಈಗ ಹೆಂಗದಾರ್ರಿ?”

“ಆರಾಮ ಅದಾರ್ರಿ,” ಅಂದೆ.

ಹಂಗ್ಯಾಕ ಅಂದೆ ನನಗ ಗೊತ್ತಿಲ್ಲ. ಬಾಯಿ ತಾನೇ ಅಂತು. “ಮದುವಿ ಮನ್ಯಾಗ ಸಿಗತಾರಲ್ಲ ಬಿಡ್ರಿ, ಮಾತಾಡಸ್ತೀನಿ,” ಅಂದ. ಹೌದ್ರಿ ಅಂದೆ. ಎರಡನೇ ಮನ್ಯಾಗೂ ಕೇಳಿದರು. ಆರಾಮ ಅದಾರ. ಮೂರನೇ ಮನಿ ಹೆಣ್ಣುಮಗಳು ಆಕಿಗೆ ಅಂತ ಒಂದು ಚೀಲ ಶೇಂಗಾ ಕಟ್ಟಿಕೊಟ್ಟಳು. ತಗೊಂಡೆ. ಒಂಬತ್ತು ಮನ್ಯಾಗ ಒಂಬತ್ತು ಸಲ ಆರಾಮ ಅದಾಳ ಅಂದೆ. ಕಾರ್ಡಿನ ಮ್ಯಾಲೆ ಹೆಸರು ಹಂಗ ಐತಿ, ಜನ ಕೇಳದೇ ಇರತಾರೇನು?

ವಾಪಸ್ ಬರೋ ದಾರ್ಯಾಗ ಗಾಡಿ ನಿಲ್ಲಿಸಿ ರಸ್ತಿ ಬಾಜೂಕ ಕುಂತೆ. ಅವಾಗ ಅತ್ತೆ. ಒಬ್ಬ ಮನುಷ್ಯ ಸೈಕಲ್ ನಿಲ್ಲಿಸಿ ಏನಾತ್ರಿ ಅಂತ ಕೇಳಿದ. ಗಾಡಿ ಕೆಟ್ಟೈತ್ರಿ ಅಂದೆ.

೪ ನವೆಂಬರ್, ಶನಿವಾರ

ತಿಳೀತು. ಇಷ್ಟು ದಿನ ಬೇಕಾತು.

ಆಕಿ ಆ ಶಬ್ದ ತನ್ನ ಸಲುವಾಗಿ ಹೊಡದಿರಲಿಲ್ಲ. ಮನಿ ಮನಿಗೆ ಹೋಗಿ ಕಾರ್ಡು ಕೊಡೋನು ಈ ಮನುಷ್ಯ, ಇವನ ಬಾಯಿಂದ ಆ ಮಾತು ಬರಂಗಿಲ್ಲ, ಕಾರ್ಡೇ ಹೇಳಲಿ ಅಂತ ಹೊಡದಿದ್ದಳು. ಕೈ ಸೋತರೂ ನಾಲ್ಕು ಸಲ ಹೊಡದಳು. ನಾ ನಾಲ್ಕು ಸಲನೂ ಅಳಸಿದೆ, ಐದನೇದನ್ನ ಛಾಪಾ ಹಾಕೋವಾಗ ತಗದೆ. ನನ್ನಂಥ ಹುಚ್ಚ ಯಾವ ಊರಾಗ ಸಿಗತಾನ?

ಬೆಳಿಗ್ಗಿ ಅಂಗಡಿ ಬಾಗಲ ಅರ್ಧ ತೆರದು ಫೈಲ್ ತಗದೆ. ಆಕಿ ಹೆಸರಿನ ಮುಂದ ಬಾಣ ಇಟ್ಟು ಹೊಡದೆ. ಅರ್ಧ ನಿಮಿಷನೂ ಹಿಡೀಲಿಲ್ಲ. ಕಣ್ಣಾಗ ನೀರು ತುಂಬಿ ಬಟನ್ ಒಂದೂ ಕಾಣಸುತ್ತಿರಲಿಲ್ಲ, ಆದರೂ ಒಂದು ಅಕ್ಷರ ತಪ್ಪಲಿಲ್ಲ.

ಹೊಸ ಸ್ಕ್ರೀನ್ ಮಾಡಿ ಉಳಿದ ಊರಿಗೆ ಬೇಕಾದಷ್ಟು ಛಾಪಾ ಹಾಕಿದೆ. ನಡುವ ಒಬ್ಬರು ಬಂದು ನಾಮಕರಣದ ಕಾರ್ಡು ಬೇಕು ಅಂದರು. ಅದನ್ನೂ ಹೊಡದು ಕೊಟ್ಟೆ.

೫ ನವೆಂಬರ್, ಆಯಿತವಾರ

ಚಿಗಟೇರಿ. ಹದಿನಾಲ್ಕು ಮನಿ.

ಯಾರೂ ಏನೂ ಕೇಳಲಿಲ್ಲ. ಕಾರ್ಡು ತಗೊಂಡು ಓದಿದರು, ನಡುವ ಒಂದು ಕಡೆ ನಿಂತರು, ನನ್ನ ಕೈ ಹಿಡಕೊಂಡರು. ಒಂದು ಮನ್ಯಾಗ ಯರ್ರಿಸ್ವಾಮಿ ಅನ್ನೋ ಮಾಸ್ತರು ನನ್ನನ್ನ ಕುಂದ್ರಿಸಿ ನೀರು ಕೊಟ್ಟು, ತಾವೂ ಸುಮ್ಮನೇ ಎದುರಿಗೆ ಕುಂತರು. ಹದಿನಾಲ್ಕು ಮನ್ಯಾಗೂ ನಾ ಬಾಯಿ ತೆರೀಲಿಲ್ಲ. ತೆರಿಯೋ ಪ್ರಸಂಗ ಬರಲಿಲ್ಲ.

೭ ನವೆಂಬರ್, ಮಂಗಳವಾರ

ಕೋಗಳಿಗೆ ಒಂದೇ ಕಾರ್ಡು, ಭರಮಮ್ಮಗ. ಮಾವ ಹರೇದಾಗ ಕೋಗಳಿಯೊಳಗ ಗ್ಯಾರೇಜ್ ಇಟ್ಟಾಗ ಬಾಜೂ ಮನಿಯಾಕಿ. ಶಬ್ನಮ್ ಹುಟ್ಟಿದ್ದು ಅಲ್ಲೇ, ಮೂರು ತಿಂಗಳು ಆ ಕೂಸಿಗೆ ಎಣ್ಣಿ-ನೀರು ಹಾಕಿದಾಕಿ ಭರಮಮ್ಮ. ಅತ್ತಿಗೆ ಅಕ್ಕನಂಗ ಇದ್ದಳಂತ. ಊರ ಹೊರಗ ಕುರಿ ಹಟ್ಟಿ, ಫೋನಿಲ್ಲ. ನಮ್ಮ ಮಂದಿ ಈಗ ಆ ಊರಾಗ ಯಾರೂ ಇಲ್ಲ, ಹೇಳೋರೂ ಇಲ್ಲ.

ಕಟ್ಟಿ ಮ್ಯಾಲೆ ಕುಂತು ಉಣ್ಣೆ ಹಿಂಜಾಕತ್ತಿದ್ದಳು. ಕಣ್ಣು ಮಂಜಾಗ್ಯಾವ, ದನಿ ಕೇಳಿ ಗುರುತು ಹಿಡದಳು. “ನೂರಸಾಬನ ಅಳಿಯ ಅಲ್ಲೇನಪ? ಬಾ, ಕುಂದ್ರು. ನನ್ನ ಕೂಸು ಬರಲಿಲ್ಲೇನು?”

ನಾ ಕಾರ್ಡು ಕೈಯಾಗ ಕೊಟ್ಟೆ. ಎಲ್ಲಾರೂ ಅದನ್ನ ಓದಿ ಸುಮ್ಮನಾಗತಿದ್ದರಲ್ಲ, ಅದೇ ಧೈರ್ಯದಾಗ ಹೋಗಿದ್ದೆ. ಆಕಿ ಕಾರ್ಡು ಮೂಸಿ ನೋಡಿ, ಎರಡೂ ಕಡೆ ಕೈ ಆಡಿಸಿ, ನನಗೇ ತಿರುಗಿ ಕೊಟ್ಟಳು.

“ಓದಿ ಹೇಳು ಮಗಾ. ನನಗೆಲ್ಲಿ ಅಕ್ಷರ ಬರತಾವು? ಯಾರ್ಯಾರ ಹೆಸರು ಹಾಕೀರಿ ಕೇಳೋಣು.”

ಓದಿದೆ. ಬಿಸ್ಮಿಲ್ಲಾ ಓದಿದೆ, ತಾರೀಕು ಓದಿದೆ, ಹಡಗಲಿ ಗಂಡಿನ ಹೆಸರು, ಅವರ ತಂದಿ ತಾಯಿ ಹೆಸರು ಓದಿದೆ. ಒಂದೊಂದಕ್ಕೂ ಹೂಂ ಅಂದಳು. “ಮರ್ಹೂಮಾ ದಾವಲ್ ಬೀ ಹಾಗೂ ಜನಾಬ್ ನೂರಸಾಬ ಇವರ ಕಿರಿಯ ಮಗಳು.”

“ಮರ್ಹೂಮಾ ಅಂದ್ರ ಏನಪ?”

“ಅಂದ್ರ... ತೀರಿಕೊಂಡವರು ಅಮ್ಮ. ತೀರಿಕೊಂಡ ಹೆಣ್ಣುಮಕ್ಕಳ ಹೆಸರಿನ ಮುಂದ ಹಾಕತೀವಿ.”

“ಹೌದಪ, ಹೌದು. ಹೋಗಿಬಿಟ್ಟಳಲ್ಲ ದಾವಲ್ ಬೀ. ಮಗಳ ಲಗ್ನ ನೋಡಲಿಲ್ಲ ಪಾಪ.” ಉಣ್ಣೆ ಮಡಿಲಾಗ ಹಾಕ್ಕೊಂಡು ನನ್ನ ಕಡೆ ಸರದಳು. “ಆಮ್ಯಾಲೆ ಓದು. ನನ್ನ ಕೂಸಿನ ಹೆಸರು ಐತೋ ಇಲ್ಲೋ?”

“ಐತಮ್ಮ.”

“ಓದು ಮತ್ತ.”

ಕಾರ್ಡು ಕೈಯಾಗ ಹಿಡಕೊಂಡು ಆ ಸಾಲು ನೋಡಿದೆ. ಭರಮಮ್ಮ ನನ್ನ ಬಾಯಿ ಕಡೆ ಕಿವಿ ಮಾಡಿ ಕುಂತಿದ್ದಳು. ಓದಿದೆ.

“ಮರ್ಹೂಮಾ ಶಬ್ನಮ್ ಇಶ್ತಿಯಾಕ ಇವರ ತಂಗಿ.”

ಆಕಿ ಹೂಂ ಅನ್ನಲಿಲ್ಲ.